ಹಿತ್ತಿಲ ಬಾಗಿಲ ನೋಟ: ಹೆಣ್ಣು ಹೆಣ್ಣನ್ನು ಕಾಣುವ ಬಗೆ

ಕೆಲವು ವರ್ಷಗಳ ಹಿಂದೆ ಮಹಿಳಾ ಸಾಹಿತ್ಯ ಕುರಿತ ಒಂದು ವಿಚಾರ ಸಂಕಿರಣದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ಮೇಲಿದ್ದ ಗೆಳತಿಯೊಬ್ಬರು ‘ಪುರುಷ ನೋಟ’ದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಹೆಣ್ಣು ತನ್ನನ್ನು ತಾನು ನೋಡಿಕೊಳ್ಳುವುದೇ ಗಂಡಿನ ಕಣ್ಣಿನಿಂದ. ಕನ್ನಡಿಯ ಮುಂದೆ ಒಬ್ಬಳೇ ನಿಂತಾಗಲೂ ಅವಳ ಬೆನ್ನ ಹಿಂದೆ ಒಬ್ಬ ಗಂಡಸು ನಿಂತಿರುತ್ತಾನೆ. ಹೆಣ್ಣು ಹೆಣ್ಣಿನ ಕಣ್ಣಲ್ಲಿ ತನ್ನನ್ನು ಕಂಡುಕೊಂಡ ದಿನ ಬಿಡುಗಡೆಯ ಬಾಗಿಲು ತೆರೆಯುತ್ತದೆ. ಇದು ಅವರ ಮಾತಿನ ಸಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ತಟ್ಟುತ್ತಲೇ ನನಗೆ ನಮ್ಮವ್ವ ನೆನಪಾದಳು. ಅವ್ವನ ಬೆನ್ನ ಹಿಂದೆ ನಿಂತಿದ್ದು ಗಂಡಸಲ್ಲ, ಗೌಡರ ಮನೆಯ ಹೆಂಗಸು. ಕೇಳಬೇಕು ಅಂತ ಕೈ ಎತ್ತಿದೆ. ಅಷ್ಟೊತ್ತಿಗೆ ಊಟದ ಹೊತ್ತಾಗಿತ್ತು, ಗೋಷ್ಠಿ ಮುಗಿಸಿಬಿಟ್ಟರು. ಅವತ್ತು ಕೇಳದೆ ಉಳಿದ ಪ್ರಶ್ನೆಯನ್ನು ಈ ವಿಶೇಷ ಸಂಚಿಕೆಯಲ್ಲಿ ಕೇಳುತ್ತಿದ್ದೇನೆ.

ನಮ್ಮದು ಮೈಸೂರು ಸೀಮೆಯ ನಾಲೆ ಬಯಲಿನ ಊರು. ಅವ್ವ ಗೌಡರ ಮನೆಯ ಕೊಟ್ಟಿಗೆ ಕಸ ಬಾಚುತ್ತಿದ್ದಳು, ನಾಟಿ ಕಾಲಕ್ಕೆ ನಾಟಿಗೆ, ಕಳೆ ಕಾಲಕ್ಕೆ ಕಳೆಗೆ ಹೋಗುತ್ತಿದ್ದಳು. ಊಟ ಹಿತ್ತಿಲಲ್ಲಿ, ನೀರು ಬೊಗಸೆಗೆ. ಒಂದು ವರ್ಷ ಹಬ್ಬಕ್ಕೆ ಆ ಮನೆಯ ಅಮ್ಮನವರು ತಾವು ಉಟ್ಟು ಬಿಟ್ಟ ಒಂದು ಸೀರೆ ಕೊಟ್ಟರು. ಹಸಿರು ಸೀರೆ, ಅಂಚು ಇನ್ನೂ ಮಾಸಿರಲಿಲ್ಲ. ಅವ್ವ ಅದನ್ನ ಜೋಪಾನವಾಗಿ ಎತ್ತಿಟ್ಟು, ಪಕ್ಕದ ಊರಿನ ಮದುವೆಗೆ ಹೊರಟ ದಿನ ಉಟ್ಟಳು. ದಿನಾ ಮೊಣಕಾಲ ತನಕ ಎತ್ತಿ ಕಟ್ಟುತ್ತಿದ್ದವಳು ಅವತ್ತು ಕಾಲು ಮುಚ್ಚುವ ಹಾಗೆ ನೆರಿಗೆ ಹಿಡಿದು ಉಟ್ಟಿದ್ದಳು. ಗೌಡರ ಬೀದಿ ದಾಟಬೇಕಾದರೆ ಅಮ್ಮನವರು ಜಗಲಿಯ ಮೇಲಿದ್ದರು. ಅವ್ವನನ್ನು ಮೇಲಿಂದ ಕೆಳಗೆ ನೋಡಿದರು. ನಕ್ಕರು. “ಏನಮ್ಮಿ, ನನ್ನಂಗೇ ಕಾಣ್ತಾ ಇದ್ದೀಯಲ್ಲ” ಅಂದರು.

ಅಷ್ಟೇ ಅಂದಿದ್ದು. ಬೈಯಲಿಲ್ಲ, ಗದರಲಿಲ್ಲ. ಅವ್ವ “ಹೋಗಿ ಅಮ್ಮಾವ್ರೇ, ಎಲ್ಲಾದ್ರೂ ಉಂಟಾ” ಅಂತ ತಲೆ ತಗ್ಗಿಸಿ ನಡೆದಳು. ಮದುವೆಯಿಂದ ಬಂದ ಮೇಲೆ ಆ ಸೀರೆ ಮತ್ತೆ ಉಡಲಿಲ್ಲ. ಮಳೆಗಾಲದಲ್ಲಿ ಹರಿದು ಕೌದಿಗೆ ಹಾಕಿದಳು. ಯಾಕವ್ವ ಅಂತ ಕೇಳಿದ್ದಕ್ಕೆ, “ಅದು ನನಗೆ ಒಪ್ಪಕ್ಕಿಲ್ಲ ಕಣ್ ಮಗ” ಅಂದಳು.

‘ನನಗೆ ಒಪ್ಪಲ್ಲ’ ಅನ್ನುವ ತೀರ್ಮಾನ ಅವ್ವನದಾ? ಮದುವೆಗೆ ಹೊರಟಾಗ ಅವಳಿಗೆ ಆ ಸೀರೆ ಒಪ್ಪಿತ್ತು. ಜಗಲಿ ದಾಟುವ ಹೊತ್ತಿಗೆ ಒಪ್ಪದೆ ಹೋಯಿತು. ನಡುವೆ ನಡೆದದ್ದು ಒಂದು ನೋಟ, ಒಂದು ನಗು. ನೋಡಿದವಳು ಹೆಣ್ಣು, ನೋಡಿಸಿಕೊಂಡವಳೂ ಹೆಣ್ಣು. ಗಂಡನ ಎದುರಿಗೆ ಆ ಅಮ್ಮನವರದೂ ತಗ್ಗಿದ ತಲೆಯೇ ಇರಬಹುದು. ಆದರೆ ಜಗಲಿಯ ಮೇಲೆ ಕೂತು ಬೀದಿಯನ್ನು ನೋಡುವಾಗ ಅವರು ಹೆಣ್ಣಾಗಿ ನೋಡುತ್ತಿರಲಿಲ್ಲ, ಜಗಲಿಯಾಗಿ ನೋಡುತ್ತಿದ್ದರು. ನಮ್ಮ ಸ್ತ್ರೀವಾದಿ ವಿಮರ್ಶೆ ಗಂಡಿನ ಕಣ್ಣನ್ನು ಪತ್ತೆ ಹಚ್ಚುವುದರಲ್ಲಿ ಬಹಳ ಕೆಲಸ ಮಾಡಿದೆ, ಅದಕ್ಕೆ ನಾನು ಋಣಿ. ಆದರೆ ನೋಡುವವಳು ಎಲ್ಲಿ ನಿಂತು ನೋಡುತ್ತಾಳೆ ಅನ್ನುವ ಪ್ರಶ್ನೆಯನ್ನು ಅದು ಅಷ್ಟಾಗಿ ಕೇಳಿಲ್ಲ. ಜಗಲಿಯ ಮೇಲೋ, ಹಿತ್ತಿಲ ಬಾಗಿಲಲ್ಲೋ, ಹೊಸ್ತಿಲ ಆಚೆಯೋ? ಕೃತಿಯನ್ನು ಓದುವಾಗ ಈ ಜಾಗದ ಪ್ರಶ್ನೆಯನ್ನು ಕೈಲಿ ಹಿಡಿದರೆ ನಮಗೆ ಗೊತ್ತಿರುವ ಪುಸ್ತಕಗಳೇ ಬೇರೆ ರೀತಿ ಕಾಣತೊಡಗುತ್ತವೆ.

*

ಕನ್ನಡದ ಎರಡು ಪ್ರಸಿದ್ಧ ಕಾದಂಬರಿಗಳಲ್ಲಿ ಬರುವ ದಲಿತ ಹುಡುಗಿಯರ ಹೆಸರು ಒಂದೇ, ಬೆಳ್ಳಿ. 1933ರ ‘ಚೋಮನ ದುಡಿ’ಯ ಬೆಳ್ಳಿ, 1965ರ ‘ಸಂಸ್ಕಾರ’ದ ಬೆಳ್ಳಿ. ಇದು ಆಕಸ್ಮಿಕ ಇರಬಹುದು. ಆದರೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಿ.

ಚೋಮನ ಮಗಳು ಬೆಳ್ಳಿಗೆ ತಾಯಿ ಇಲ್ಲ. ಮನೆಯಲ್ಲಿ ಅಪ್ಪ, ಮಿಕ್ಕವರು ಗಂಡು ಹುಡುಗರು. ಸಾಲ ತೀರಿಸಲು ತೋಟಕ್ಕೆ ದುಡಿಯಲು ಹೋಗುತ್ತಾಳೆ, ಅಲ್ಲಿ ತೋಟದ ರೈಟರನ ಕಣ್ಣಿಗೆ ಬೀಳುತ್ತಾಳೆ. ಮೈ ಕೊಟ್ಟದ್ದರಿಂದ ಸಾಲ ತೀರುತ್ತದೆ. ಕೊನೆಗೆ ಅಪ್ಪನ ಕಣ್ಣಿಗೂ ಅವಳು ಅವನ ಜೊತೆಗೇ ಬೀಳುತ್ತಾಳೆ, ಅಪ್ಪ ಹೊಡೆದು ಓಡಿಸುತ್ತಾನೆ. ಕಾರಂತರು ಚೋಮನ ಸಂಕಟವನ್ನು ಕಂಡ ಬಗೆಗೆ ನಾವು ಇವತ್ತಿಗೂ ತಲೆ ಬಾಗಬೇಕು. ಆದರೆ ಬೆಳ್ಳಿಗೆ ಅವಳ ಬದುಕಿನ ಬಗ್ಗೆ ಅನ್ನಿಸಿದ್ದೇನು ಅಂತ ಕೇಳಲು ಆ ಕಾದಂಬರಿಯಲ್ಲಿ ಒಬ್ಬ ಹೆಂಗಸಿಲ್ಲ. ಅತ್ತೆಯಿಲ್ಲ, ಸೋದರತ್ತೆಯಿಲ್ಲ, ತೋಟದಲ್ಲಿ ಜೊತೆಗೆ ಕೆಲಸ ಮಾಡುವ ಗೆಳತಿಯಿಲ್ಲ. ಕೇರಿಯನ್ನು ಕಂಡವರಿಗೆ ಇದು ಎಷ್ಟು ವಿಚಿತ್ರ ಅನ್ನುವುದು ಗೊತ್ತು. ಕೇರಿಯಲ್ಲಿ ಒಂದು ಹುಡುಗಿ ಒಂದು ಗಳಿಗೆ ಸಪ್ಪಗಾದರೆ ನಾಲ್ಕು ಗುಡಿಸಲಿನ ಹೆಂಗಸರಿಗೆ ಗೊತ್ತಾಗುತ್ತದೆ. ಆ ನಾಲ್ಕು ಗುಡಿಸಲುಗಳನ್ನು ತೆಗೆದುಹಾಕಿದ ಮೇಲೆಯೇ ಬೆಳ್ಳಿ ಅಷ್ಟು ಒಂಟಿಯಾಗಿ, ಅಷ್ಟು ಮೂಕಳಾಗಿ ಕಾಣುವುದು.

ಇದೇ ಕಾದಂಬರಿಯಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ. ಸಂಕಪ್ಪಯ್ಯನಿಗೆ ಚೋಮನ ಮೇಲೆ ಕನಿಕರ, ಬೇಸಾಯಕ್ಕೆ ಭೂಮಿ ಕೊಡುವ ಮನಸ್ಸೂ ಬರುತ್ತದೆ. ಅದಕ್ಕೆ ಅಡ್ಡ ಬರುವವಳು ಅವನ ತಾಯಿ. ಚೋಮನ ನೇಗಿಲ ಕನಸು ಮುರಿದದ್ದಕ್ಕೆ ಊಳಿಗಮಾನ್ಯ ವ್ಯವಸ್ಥೆ ಕಾರಣ ಅಂತ ನಾವು ನೂರು ಸಲ ಬರೆದಿದ್ದೇವೆ. ಆ ವ್ಯವಸ್ಥೆ ಅವತ್ತು ಮಾತಾಡಿದ್ದು ಒಬ್ಬ ಮುದುಕಿಯ ಬಾಯಲ್ಲಿ. ಆಕೆಯನ್ನು ‘ವ್ಯವಸ್ಥೆಯ ಬಲಿಪಶು’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟರೆ ಬೆಳ್ಳಿಯ ಕಥೆ ಅರ್ಥವಾಗುವುದಿಲ್ಲ. ಒಂದು ಮನೆಯ ತಾಯಿ ಬೇಡ ಅಂದ ಮಾತು ಇನ್ನೊಂದು ಮನೆಯ ಮಗಳನ್ನು ತೋಟಕ್ಕೆ ಕಳಿಸಿತು. ನೇರವಾಗಿ ಅಲ್ಲ, ಸುತ್ತು ಬಳಸಿ. ಜಾತಿ ಕೆಲಸ ಮಾಡುವುದೇ ಹೀಗೆ ಸುತ್ತು ಬಳಸಿ.

‘ಸಂಸ್ಕಾರ’ದ ಬೆಳ್ಳಿಯನ್ನು ನಾವು ಕಾಣುವುದು ಹೆಚ್ಚಾಗಿ ಶ್ರೀಪತಿಯ ಕಣ್ಣಿಂದ. ಅವನಿಗೆ ಅವಳು ಹೆಂಡತಿಗೆ ಹೋಲಿಕೆಯಾಗಿ ಒದಗುತ್ತಾಳೆ. ಅಗ್ರಹಾರದ ಹೆಂಡಿರು ಒಣಗಿದವರು, ಮುರುಟಿದವರು. ಹೊಲಗೇರಿಯ ಹುಡುಗಿ ಮಣ್ಣಿನ ಹಾಗೆ ತುಂಬಿಕೊಂಡವಳು. ಬ್ರಾಹ್ಮಣ್ಯವನ್ನು ಬಯಲು ಮಾಡಲು ಲೇಖಕರು ಈ ಹೋಲಿಕೆಯನ್ನು ಬಳಸಿದರು, ಅದರ ಉದ್ದೇಶ ಗೊತ್ತು. ಆದರೆ ಈ ಹೋಲಿಕೆಯಲ್ಲಿ ಇಬ್ಬರೂ ಹೆಂಗಸರು ಸೋತಿದ್ದಾರೆ. ಹೆಂಡತಿಯ ಮೈ ಯಾಕೆ ಹಾಗೆ ಮುದುಡಿತು ಅಂತ ಯಾರೂ ಕೇಳಲಿಲ್ಲ. ಬೆಳ್ಳಿಯ ಅಪ್ಪ ಅವ್ವ ಸತ್ತು ಗುಡಿಸಲಿಗೆ ಬೆಂಕಿ ಇಟ್ಟ ಮೇಲೆ ಅವಳು ಎಲ್ಲಿ ಮಲಗಿದಳು, ಯಾರ ಎದುರಿಗೆ ಅತ್ತಳು ಅಂತಲೂ ಕೇಳಲಿಲ್ಲ. ಇಡೀ ಕಾದಂಬರಿ ಒಂದು ಹೆಣದ ಸಂಸ್ಕಾರದ ಸುತ್ತ ತಿರುಗುತ್ತದೆ. ಕೇರಿಯ ಹೆಣಗಳಿಗೆ ಗುಡಿಸಲೇ ಚಿತೆ, ಚರ್ಚೆಯೇ ಇಲ್ಲ.

ಅದೇ ಕೃತಿಯಲ್ಲಿ ಹೆಣ್ಣು ಹೆಣ್ಣನ್ನು ನೋಡುವ ಒಂದು ಜಾಗ ಇದೆ. ಚಂದ್ರಿ ತನ್ನ ಮೈಮೇಲಿನ ಒಡವೆ ಬಿಚ್ಚಿ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ನಾರಣಪ್ಪನ ಹೆಣಕ್ಕೆ ಸಂಸ್ಕಾರವಾದರೆ ಸಾಕು ಅಂತ ಅವಳ ಆಸೆ. ಅಲ್ಲಿಯ ತನಕ ಅಗ್ರಹಾರದ ಹೆಂಗಸರಿಗೆ ಚಂದ್ರಿ ಕಂಡರೂ ಕಾಣದವಳು. ಒಡವೆ ಬಿಚ್ಚಿಟ್ಟ ಕೂಡಲೇ ಕಾಣತೊಡಗುತ್ತಾಳೆ, ಅಂದರೆ ಅವಳಲ್ಲ, ಒಡವೆ. ಅದು ನ್ಯಾಯವಾಗಿ ತನ್ನ ತಂಗಿಗೆ ಸೇರಬೇಕಾದದ್ದು ಅಂತ ಅನಸೂಯೆಯ ಹೊಟ್ಟೆಯುರಿ. ಈ ಹೊಟ್ಟೆಯುರಿ ಬರೀ ದುರಾಸೆ ಅಂತ ನಾನು ಓದಿಕೊಂಡಿದ್ದೆ. ಈಗ ಓದಿದರೆ ಅಲ್ಲಿ ನಮ್ಮೂರಿನ ಜಗಲಿ ಕಾಣುತ್ತದೆ. “ನನ್ನಂಗೇ ಕಾಣ್ತಾ ಇದ್ದೀಯಲ್ಲ” ಅನ್ನುವ ಮಾತಿನ ಒಳಗೆ ನಗು ಇದ್ದ ಹಾಗೆ ಒಂದು ದಿಗಿಲೂ ಇತ್ತು. ಸೀರೆ ಒಂದನ್ನು ಕಳೆದರೆ ಇವಳಿಗೂ ನನಗೂ ಏನು ವ್ಯತ್ಯಾಸ ಅನ್ನುವ ದಿಗಿಲು. ಆ ವ್ಯತ್ಯಾಸ ಕಾಯುವುದಕ್ಕೆ ಸೀರೆ ಬೇಕು, ಒಡವೆ ಬೇಕು, ಮೇಲಿಂದ ಸುರಿಯುವ ನೀರು ಬೇಕು.

*

ಮರಾಠಿಯ ಬೇಬಿ ಕಾಂಬಳೆಯವರ ‘ಜಿಣ ಅಮುಚ’ ಓದಿದಾಗ ನಮ್ಮವ್ವನ ಸೀರೆಯ ಕಥೆಗೆ ಹೆಸರು ಸಿಕ್ಕಿತು. 1980ರ ದಶಕದಲ್ಲಿ ಮೊದಲು ಪತ್ರಿಕೆಯಲ್ಲಿ ಬಂದು, ಆಮೇಲೆ ಪುಸ್ತಕವಾದ ಆತ್ಮಕಥೆ ಅದು. ಗಂಡನಿಗೆ ಗೊತ್ತಾಗದ ಹಾಗೆ ವರ್ಷಗಟ್ಟಲೆ ಬಚ್ಚಿಟ್ಟು ಬರೆದದ್ದು. ಮಹಾರ ಹೆಂಗಸರು ಸೀರೆಯ ಅಂಚು ಕಾಣುವ ಹಾಗೆ ಉಡುವಂತಿರಲಿಲ್ಲ, ಅಂಚನ್ನು ನೆರಿಗೆಯ ಒಳಗೆ ಮುಚ್ಚಿ ಸಿಕ್ಕಿಸಿಕೊಳ್ಳಬೇಕಿತ್ತು ಅಂತ ಆಕೆ ಬರೆಯುತ್ತಾರೆ. ಅಂಚು ತೋರಿಸುವುದು ಮೇಲ್ಜಾತಿ ಹೆಂಗಸರ ಹಕ್ಕು. ಸೌದೆ ಮಾರಲು ಹೋದ ಮಹಾರ ಹೆಂಗಸರಿಗೆ, ಹೊರೆಯಲ್ಲಿ ನಿಮ್ಮ ತಲೆಗೂದಲು, ಸೀರೆಯ ಎಳೆ ಸಿಕ್ಕಿಕೊಂಡಿದ್ದರೆ ಆರಿಸಿ ತೆಗೀರಿ ಅಂತ ಮೇಲ್ಜಾತಿ ಮನೆಯ ಹೆಂಗಸರು ಎಚ್ಚರಿಸುತ್ತಿದ್ದರು. ಇದನ್ನು ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ಕೂದಲೇ ಹೊಲಸು ಅಂತ ಇನ್ನೊಬ್ಬ ಹೆಂಗಸಿನಿಂದ ಕೇಳಿಸಿಕೊಂಡವಳು ಸಂಜೆ ಮನೆಗೆ ಬಂದು ತನ್ನ ಮಗಳ ತಲೆ ಬಾಚುವಾಗ ಆ ಕೂದಲನ್ನು ಹೇಗೆ ಮುಟ್ಟುತ್ತಾಳೆ?

ಬಾಬಾಸಾಹೇಬರಿಗೆ ಈ ಪ್ರಶ್ನೆ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಆ ಸಮ್ಮೇಳನದ ಸಮಯದಲ್ಲೇ ಅವರು ಹೆಂಗಸರನ್ನು ಪ್ರತ್ಯೇಕವಾಗಿ ಉದ್ದೇಶಿಸಿ ಮಾತಾಡಿದರು. ನಿಮ್ಮನ್ನು ನೋಡಿದ ಕೂಡಲೇ ಜಾತಿ ಹೇಳುವಂಥ ಉಡುಗೆ ಬಿಡಿ, ಮೊಣಕಾಲ ಮೇಲಿನ ಸೀರೆ ಬಿಡಿ, ಬೆಳ್ಳಿ ಹಿತ್ತಾಳೆಯ ಭಾರದ ಒಡವೆ ಬಿಡಿ ಅಂದರು. ಹೆಂಗಸರು ಅಲ್ಲೇ ಸೀರೆ ಉಡುವ ಕ್ರಮ ಬದಲಿಸಿಕೊಂಡರು. ಚಳವಳಿಯ ಜೊತೆಗಿದ್ದ ಮೇಲ್ಜಾತಿಯ ಕೆಲವು ಮಹಿಳೆಯರು ನಿಂತು ಉಡಿಸಿ ತೋರಿಸಿದರು ಅನ್ನುವುದೂ ದಾಖಲಾಗಿದೆ.

ಈ ಪ್ರಸಂಗವನ್ನು ನಮ್ಮ ಗೆಳೆಯರಲ್ಲಿ ಕೆಲವರು ಮುಜುಗರದಿಂದ ನೋಡುತ್ತಾರೆ. ಇದು ಮೇಲ್ಜಾತಿಯ ಅನುಕರಣೆಯಲ್ಲವಾ, ನಮ್ಮ ಉಡುಗೆ ನಮ್ಮ ಅಸ್ಮಿತೆಯಲ್ಲವಾ ಅಂತ ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊಣಕಾಲ ಮೇಲಿನ ಸೀರೆ ನಮ್ಮ ಆಯ್ಕೆಯಾಗಿದ್ದರೆ ಅದು ಅಸ್ಮಿತೆ. ಅದು ನಮಗೆ ವಿಧಿಸಿದ ಗುರುತು. ಮಹಾಡಿನ ಹೆಂಗಸರು ಆ ಗುರುತನ್ನು ಕಳಚಿದರು. ನಮ್ಮವ್ವನಿಗೂ ಅವರಿಗೂ ಇರುವ ಅಂತರ ಇಲ್ಲಿದೆ. ಅವ್ವ ಒಬ್ಬಳೇ ಬೀದಿಯಲ್ಲಿ ನಡೆದಳು, ದಾನವಾಗಿ ಬಂದ ಸೀರೆ ಉಟ್ಟು ನಡೆದಳು. ದಾನ ಕೊಟ್ಟ ಕಣ್ಣಿಗೆ ಅದನ್ನು ಮರಳಿ ಕಿತ್ತುಕೊಳ್ಳುವ ಶಕ್ತಿ ಇತ್ತು. ಮಹಾಡಿನವರು ಗುಂಪಾಗಿದ್ದರು, ಒಬ್ಬರ ಸೀರೆಯನ್ನು ಇನ್ನೊಬ್ಬರು ನೋಡುತ್ತಿದ್ದರು. ತನ್ನ ಹಾಗೆಯೇ ಉಟ್ಟ ತನ್ನವರ ನಡುವೆ ನಿಂತಾಗ ಜಗಲಿಯ ನಗು ಅಷ್ಟು ದೂರ ಕೇಳುವುದಿಲ್ಲ. ಹದಿನೈದು ವರ್ಷ ಕಳೆದು 1942ರ ಜುಲೈ 20ರಂದು ನಾಗಪುರದಲ್ಲಿ ದಲಿತ ವರ್ಗಗಳ ಮಹಿಳಾ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದ್ದು ಸುಲೋಚನಾಬಾಯಿ ಡೋಂಗ್ರೆ. ಸೀರೆ ಉಡುವುದನ್ನು ಬೇರೆಯವರಿಂದ ಕಲಿತ ಸಮುದಾಯದ ಹೆಣ್ಣು ಸಾವಿರಾರು ಹೆಂಗಸರ ಎದುರಿಗೆ ವೇದಿಕೆಯಲ್ಲಿ ನಿಂತಿದ್ದಳು. ಆ ಸಾವಿರಾರು ಜನ ಅವಳಲ್ಲಿ ತಮ್ಮನ್ನು ನೋಡಿಕೊಂಡರು. ನನ್ನ ಗೆಳತಿ ಸಂಕಿರಣದಲ್ಲಿ ಹೇಳಿದ ಬಿಡುಗಡೆಯ ನೋಟ ಯಾವುದಾದರೂ ಇದ್ದರೆ ಅದು ಇಲ್ಲಿದೆ ಅಂತ ನನ್ನ ನಂಬಿಕೆ.

*

ಬೈಯುವ ಕಣ್ಣಿಗಿಂತ ಹೊಗಳುವ ಕಣ್ಣು ಕಷ್ಟ. “ನಿಮ್ಮವರಲ್ಲಿ ಹೆಂಗಸರಿಗೆ ಸ್ವಾತಂತ್ರ್ಯ ಜಾಸ್ತಿ. ದುಡೀತಾರೆ, ಗಂಡನಿಗೆ ತಿರುಗಿ ಬೈತಾರೆ, ಬೇಡವಾದ್ರೆ ಬಿಟ್ಟು ಬೇರೆ ಮದುವೆ ಆಗ್ತಾರೆ” ಅಂತ ಎಷ್ಟೋ ಜನ ವಿದ್ಯಾವಂತ ಗೆಳತಿಯರು ನನಗೆ ಹೇಳಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದು. ಅದರಲ್ಲಿ ನಿಜವೂ ಸ್ವಲ್ಪ ಇದೆ. ಕೂಡಾವಳಿ, ಸೋಡಚೀಟಿ ನಮ್ಮ ಕಡೆಯವರಿಗೆ ಹೊಸ ಮಾತಲ್ಲ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಒಂದು ಅನುಮಾನ ಹುಟ್ಟಿತು. ಇವರಿಗೆ ನಮ್ಮವ್ವ ಬೇಕಾಗಿರುವುದು ತಮ್ಮ ಬಂಧನಕ್ಕೆ ಒಂದು ಹೋಲಿಕೆಯಾಗಿ. ಶ್ರೀಪತಿಗೆ ಬೆಳ್ಳಿ ಬೇಕಾದ ಹಾಗೇ. ಕನ್ನಡದ ಎಷ್ಟೋ ಕಥೆಗಳಲ್ಲಿ ಒಳಮನೆಯಲ್ಲಿ ಉಸಿರು ಕಟ್ಟಿದ ಗೃಹಿಣಿ ಕಿಟಕಿಯಿಂದ ಕೆಲಸದವಳನ್ನು ನೋಡಿ ನಿಟ್ಟುಸಿರು ಬಿಡುತ್ತಾಳೆ. ಕೆಲಸದವಳು ಜೋರಾಗಿ ನಗುತ್ತಾಳೆ, ಎಲೆಯಡಿಕೆ ಹಾಕುತ್ತಾಳೆ, ಕುಡುಕ ಗಂಡನಿಗೆ ಪೊರಕೆಯಲ್ಲಿ ಬಾರಿಸಿದ ಕಥೆ ಹೇಳುತ್ತಾಳೆ. ಕಥೆ ಮುಗಿಯುವ ಹೊತ್ತಿಗೆ ಗೃಹಿಣಿಗೆ ಒಂದು ಅರಿವು ಮೂಡುತ್ತದೆ. ಕೆಲಸದವಳಿಗೆ ಏನು ಮೂಡಿತು? ಅವಳು ಪಾತ್ರೆ ತೊಳೆದು ಮನೆಗೆ ಹೋದಳು.

ದುಡಿಯಲು ಹೊರಗೆ ಹೋಗುವುದು ಸ್ವಾತಂತ್ರ್ಯವೋ, ಹೋಗದಿದ್ದರೆ ಒಲೆ ಹತ್ತದು ಅನ್ನುವ ಬಲವಂತವೋ? ಹೊರಗೆ ಹೋದ ಹೆಣ್ಣಿನ ಮೈಮೇಲೆ ಯಾರ ಕಣ್ಣು, ಯಾರ ಕೈ ಬೀಳುತ್ತದೆ ಅನ್ನುವುದು ಬೆಳ್ಳಿಯ ತೋಟ ಕಂಡವರಿಗೆ ಗೊತ್ತು. ದಲಿತ ಹೆಣ್ಣು ಬೇರೆಯಾಗಿ ಮಾತಾಡುತ್ತಾಳೆ ಅಂತ 1995ರಲ್ಲಿ ಗೋಪಾಲ್ ಗುರು ತಮ್ಮ ಲೇಖನದಲ್ಲಿ ವಾದಿಸಿದರು. ಅದೇ ವರ್ಷ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ರೂತ್ ಮನೋರಮಾ ನಮ್ಮ ಬೆಂಗಳೂರಿನ ಕೊಳೆಗೇರಿ ಹೆಂಗಸರ ನಡುವೆ, ಮನೆಗೆಲಸದವರ ನಡುವೆ ಕೆಲಸ ಮಾಡಿದವರು. ಅಂದರೆ ಕಥೆಯಲ್ಲಿ ಪಾತ್ರೆ ತೊಳೆದು ಹೋದವಳು ಕಥೆಯ ಹೊರಗೆ ಸಂಘ ಕಟ್ಟುತ್ತಿದ್ದಳು. ನಮ್ಮ ಸಾಹಿತ್ಯ ಅವಳ ಹಿಂದೆ ಬಿತ್ತು.

ಹಾಗಂತ ನಮ್ಮ ಗಂಡಸರು ಬರೆದ ಸಾಹಿತ್ಯ ಅವಳನ್ನು ನೆಟ್ಟಗೆ ನೋಡಿತಾ? ದಲಿತ–ಬಂಡಾಯ ಕಾವ್ಯದಲ್ಲಿ ‘ಅವ್ವ’ ಎಷ್ಟು ಸಲ ಬಂದಿದ್ದಾಳೆ ಲೆಕ್ಕವಿಲ್ಲ. ಅವಳು ಯಾವಾಗಲೂ ಅವ್ವನೇ. ಹಸಿದವಳು, ಹೊತ್ತವಳು, ಹೆತ್ತವಳು. ಅವಳಿಗೆ ಹೊಟ್ಟೆಕಿಚ್ಚು ಇಲ್ಲ, ಪಕ್ಕದ ಮನೆಯವಳ ಹೊಸ ಬಳೆ ನೋಡುವ ಆಸೆ ಇಲ್ಲ. ಇದಕ್ಕೆ ದೊಡ್ಡ ಅಪವಾದ ದೇವನೂರರ ‘ಒಡಲಾಳ’. ಸಾಕವ್ವ ತನ್ನ ಹುಂಜ ಕಳೆದುಕೊಂಡು ಕೇರಿಯೆಲ್ಲ ಶಾಪ ಹಾಕುತ್ತಾ ತಿರುಗುತ್ತಾಳೆ. ಆ ಗುಡಿಸಲಿನಲ್ಲಿ ಮಗಳಿದ್ದಾಳೆ, ಸೊಸೆಯರಿದ್ದಾರೆ, ಮೊಮ್ಮಕ್ಕಳಿದ್ದಾರೆ. ಒಬ್ಬರ ಮೇಲೊಬ್ಬರ ಕಣ್ಣು ಇದೆ, ಮುನಿಸಿದೆ, ಗೇಲಿಯಿದೆ, ರಾತ್ರಿ ಒಟ್ಟಿಗೆ ಕೂತು ಕಡಲೆಕಾಯಿ ತಿನ್ನುವ ಸುಖವಿದೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ಬಂದು ಆ ಮನೆಯಲ್ಲಿ ಕಳವಿನ ಮಾಲು ಹುಡುಕುತ್ತಾರೆ. ಗೋಡೆಯ ಮೇಲಿನ ನವಿಲು ಅವರು ಹುಡುಕಿ ಬಂದದ್ದಲ್ಲ. ಕೇರಿಯ ಹೆಣ್ಣುಮಗು ಬರೆದದ್ದನ್ನು ಮೊದಲು ನೋಡಿದವರು ಅವಳ ಮನೆಯವರು. ಎರಡು ಬೆಳ್ಳಿಯರಿಗೆ ಸಿಗದೆ ಹೋದ ಭಾಗ್ಯ ಪುಟ್ಟಗೌರಿಗೆ ಸಿಕ್ಕಿತು. ಅವಳನ್ನು ನೋಡಲು ಅವಳ ಹೆಂಗಸರಿದ್ದರು.

*

ಇಲ್ಲಿಗೆ ನಿಲ್ಲಿಸಿದರೆ ಲೇಖನ ನಮಗೆ ಹಿತವಾಗಿ ಮುಗಿಯುತ್ತದೆ. ಜಗಲಿಯ ಕಣ್ಣು ಕೆಟ್ಟದ್ದು, ಕೇರಿಯ ಕಣ್ಣು ಒಳ್ಳೆಯದು. ಆದರೆ ಅದು ಸುಳ್ಳಾಗುತ್ತದೆ.

ಅವ್ವನ ಸೀರೆ ನೋಡಿ ಗೌಡರ ಮನೆಯ ಅಮ್ಮನವರು ನಕ್ಕ ಹಾಗೆಯೇ ನಮ್ಮವ್ವನೂ ನಗಬಲ್ಲವಳಾಗಿದ್ದಳು. ನಮ್ಮ ಕೇರಿಯಿಂದ ಕೆಳಗೆ, ಕೆರೆಯ ಕೋಡಿಯ ಹತ್ತಿರ ಮಾದಿಗರ ಕೇರಿ. ಆ ಕೇರಿಯ ಹೆಂಗಸರು ನಮ್ಮ ಬೀದಿಗೆ ಬಂದರೆ ನಮ್ಮವರು ಜಗಲಿಯಿಲ್ಲದ ಗುಡಿಸಲ ಮುಂದೆ ಜಗಲಿ ಇರುವವರ ಹಾಗೆ ನಿಲ್ಲುತ್ತಿದ್ದರು. ಅವರ ಕೈಲಿ ನೀರು ಕುಡಿಯುತ್ತಿರಲಿಲ್ಲ. “ಅವರ ಸೀರೆ ನೋಡು, ಅವರ ತಲೆ ನೋಡು” ಅನ್ನುವ ಮಾತು ನಾನು ನಮ್ಮ ಮನೆಯಲ್ಲೇ ಕಲಿತದ್ದು. ತನಗೆ ತಾಗಿದ ನೋಟವನ್ನು ಅವ್ವ ಹಾಗೆಯೇ ಕೆಳಗೆ ದಾಟಿಸಿದಳು. 2024ರ ಆಗಸ್ಟ್ 1ರಂದು ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣ ಮಾಡಬಹುದು ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ನೌಕರಿಯ ಶೇಕಡಾವಾರು ಲೆಕ್ಕದ್ದು. ಅದು ಬೇಕು, ನ್ಯಾಯ. ಆದರೆ ಒಳಜಾತಿಯ ಲೆಕ್ಕ ನೀರಿನ ಕೊಡದ ಹತ್ತಿರ, ಹೆಂಗಸರ ಕಣ್ಣುಗಳ ನಡುವೆ ಹೇಗೆ ನಡೆಯುತ್ತದೆ ಅನ್ನುವುದನ್ನು ದಲಿತ ವಿಮರ್ಶೆ ಬರೆಯಲು ಇನ್ನೂ ಹಿಂಜರಿಯುತ್ತಿದೆ. ಮರಾಠಿಯಲ್ಲಿ 1855ರಷ್ಟು ಹಿಂದೆಯೇ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳ್ವೆ ಎಂಬ ಮಾಂಗ ಹುಡುಗಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಬರೆದಳು. ಎರಡು ಜಾತಿಗಳ ಹೆಸರೂ ಜೊತೆಗೆ ಹೇಳಿ ಬರೆದಳು. ಮನೆಗೆ ಚಾವಣಿಯೂ ಇಲ್ಲದೆ ಚಳಿ ಮಳೆಯಲ್ಲಿ ಹೆರುವ ನಮ್ಮ ಹೆಂಗಸರ ಪಾಡನ್ನು ಯೋಚಿಸಿ ಅಂದಳು. ಅವಳಿಗೆ ಆಗ ಹದಿನಾಲ್ಕರ ಆಸುಪಾಸಿನ ವಯಸ್ಸು. ಆ ಹುಡುಗಿಗೆ ಇದ್ದ ಧೈರ್ಯ ನನಗೆ ಐವತ್ತು ದಾಟಿದ ಮೇಲೂ ಪೂರ್ತಿ ಬಂದಿಲ್ಲ.

ನನ್ನ ಕಣ್ಣೂ ನೇರವಾಗಿಲ್ಲ ಅಂತ ನನಗೆ ತಿಳಿದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಮಾದಿಗರ ಹುಡುಗಿ, ಒಂದು ಕಥೆ ಬರೆದು ತಂದಿದ್ದಳು. ಅವಳ ಅಜ್ಜಿ ಸೂಲಗಿತ್ತಿ. ದೊಡ್ಡ ಮನೆಯ ಹೆಂಗಸಿಗೆ ಹೆರಿಗೆ ಮಾಡಿಸುತ್ತಾಳೆ. ರಾತ್ರಿಯೆಲ್ಲ ಆ ಹೆಂಗಸು ಅಜ್ಜಿಯ ಕೈ ಹಿಡಿದು, ಕುತ್ತಿಗೆಗೆ ಜೋತು ಬಿದ್ದು ಹೆರುತ್ತಾಳೆ. ಹನ್ನೊಂದು ದಿನ ಕಳೆದು ಪುಣ್ಯಾಹವಾದ ಮೇಲೆ ಅಜ್ಜಿ ಮಗು ನೋಡಲು ಹೋಗುತ್ತಾಳೆ. ಹಿತ್ತಿಲಲ್ಲಿ ನಿಲ್ಲುತ್ತಾಳೆ. ಆ ಹೆಂಗಸು ಮಗು ಎತ್ತಿಕೊಂಡು ಬಾಗಿಲಿಗೆ ಬರುತ್ತಾಳೆ, ಆದರೆ ಅಜ್ಜಿಯ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಮೊರದಲ್ಲಿ ಅಕ್ಕಿ ಇಟ್ಟು ಒಳಗೆ ಹೋಗುತ್ತಾಳೆ. ಅಜ್ಜಿ ದಾರಿಯಲ್ಲಿ ತನ್ನಷ್ಟಕ್ಕೆ ನಗುತ್ತಾ ಬರುತ್ತಾಳೆ. ಕಥೆ ಮುಗಿಯಿತು.

“ಇದರಲ್ಲಿ ಸಿಟ್ಟೆಲ್ಲಿದೆ? ಪ್ರತಿರೋಧ ಎಲ್ಲಿದೆ? ಅಜ್ಜಿ ಯಾಕೆ ನಗ್ತಾಳೆ?” ಅಂದೆ. ಹುಡುಗಿ ಏನೂ ಹೇಳಲಿಲ್ಲ. ಹಾಳೆ ಮಡಚಿಕೊಂಡು ಹೋದ ಹುಡುಗಿ ಮತ್ತೆ ಕಥೆ ತರಲಿಲ್ಲ.

ಬಹಳ ದಿನ ಆದ ಮೇಲೆ, ಈ ಲೇಖನಕ್ಕೆ ಕೂತಾಗ, ಆ ಅಜ್ಜಿಯ ನಗು ನನಗೆ ತಿಳಿಯಿತು. ಆ ಹೆಂಗಸು ಕಣ್ಣು ಕೊಡದಿದ್ದದ್ದು ಅಜ್ಜಿ ಮುಟ್ಟಬಾರದವಳು ಅಂತ ಮಾತ್ರ ಅಲ್ಲ. ಆ ರಾತ್ರಿ ಅಜ್ಜಿ ಅವಳನ್ನು ನೋಡಿದ್ದಳು. ಒಡವೆಯಿಲ್ಲದೆ, ಸೀರೆಯಿಲ್ಲದೆ, ಜಾತಿಯಿಲ್ಲದೆ ಕಿರುಚುವಾಗ ನೋಡಿದ್ದಳು. ಅವಳ ಅತ್ತೆ ಗಂಡಾ ಹೆಣ್ಣಾ ಅಂತ ಹೊರಗಿನಿಂದ ಕೇಳಿದಾಗ ಅವಳ ಮುಖ ಹೇಗಾಯಿತು ಅಂತ ನೋಡಿದವಳು ಅಜ್ಜಿ ಒಬ್ಬಳೇ. ಹೊಸ್ತಿಲಲ್ಲಿ ತಲೆಯೆತ್ತಿದ್ದರೆ ಆ ಹೆಂಗಸು ಅಜ್ಜಿಯ ಕಣ್ಣಲ್ಲಿ ತನ್ನನ್ನೇ ಕಾಣಬೇಕಾಗುತ್ತಿತ್ತು. ಅಜ್ಜಿಗೆ ಅದು ಗೊತ್ತು, ಅದಕ್ಕೇ ನಕ್ಕಳು. ನಾನು ಆ ಹುಡುಗಿಯಿಂದ ಕೇಳಿದ್ದು ನನ್ನ ತಲೆಮಾರಿನ ಬಂಡಾಯದ ಕಥೆಯನ್ನು. ವೇದಿಕೆಯಲ್ಲಿ ಕೂತು ಕೇಳಿದೆ. ವೇದಿಕೆಯೂ ಒಂದು ಜಗಲಿಯೇ.

ಇಲ್ಲಿಯ ತನಕ ನಾನು ಕೇರಿಯ ಹೆಣ್ಣನ್ನು ನೋಡಿಸಿಕೊಂಡವಳಾಗಿ ಮಾತ್ರ ಓದುತ್ತಿದ್ದೆ. ಅವಳು ನೋಡಿದವಳೂ ಹೌದು. ದೊಡ್ಡ ಮನೆಗಳ ಹಿತ್ತಿಲು, ಬಚ್ಚಲು, ಹೆರಿಗೆ ಕೋಣೆಗಳನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಆ ಮನೆಯ ಹೆಂಗಸರ ಮೈಮೇಲಿನ ಬಾಸುಂಡೆ ಅವಳಿಗೆ ಗೊತ್ತು. ಅವಳ ಈ ನೋಟದ ದಾಖಲೆ ನಮ್ಮ ಸಾಹಿತ್ಯದಲ್ಲಿ ಬಹಳ ಕಡಿಮೆ. ಗೀತಾ ನಾಗಭೂಷಣ, ಬಿ.ಟಿ. ಲಲಿತಾ ನಾಯಕ್ ಅಂಥವರು ಕೆಳಗಿನ ಬದುಕಿನ ಹೆಂಗಸರನ್ನು ಬರಹದ ಒಳಗೆ ತಂದು ದಾರಿ ಮಾಡಿದರು. ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ದಲ್ಲಿ ಸಣ್ತಿಮ್ಮಿ ಎಂಬ ಹಳ್ಳಿಯ ಹೆಂಗಸು ರಾಮಾಯಣ ಹೇಳುತ್ತಾಳೆ. ಅರಮನೆಯ ಸೀತೆಯನ್ನು ಕೆಳಗಿನ ಹೆಣ್ಣಿನ ಕಣ್ಣು ನೋಡುತ್ತದೆ. ಅಲ್ಲಿ ಸೀತೆಗೆ ಅವಮಾನವಾಗುವುದಿಲ್ಲ, ಒಬ್ಬ ಜೊತೆಗಾತಿ ಸಿಗುತ್ತಾಳೆ.

ಹಾಗಾಗಿ ಈ ಸಂಚಿಕೆಯ ಓದುಗರ ಮುಂದೆ ಮೂರು ಮಾತು ಇಡುತ್ತೇನೆ. ಸವರ್ಣ ಸ್ತ್ರೀವಾದಿ ಗೆಳತಿಯರಿಗೆ: ನಿಮ್ಮ ಅಮ್ಮ ಅಜ್ಜಿಯರ ಬಗ್ಗೆ ಬರೆಯುವಾಗ ಅವರ ಹಿತ್ತಿಲಲ್ಲಿ ನಿಂತಿದ್ದ ಹೆಂಗಸು ಅವರನ್ನು ಹೇಗೆ ಕಂಡಿರಬಹುದು ಅಂತ ಒಂದು ಸಲ ಕೇಳಿಕೊಳ್ಳಿ. ದಲಿತ ಗೆಳೆಯರಿಗೆ: ಅವ್ವನನ್ನು ಪೂಜೆಯಿಂದ ಇಳಿಸಿ, ಅವಳ ಅಸೂಯೆ, ಅವಳ ಒಳಜಾತಿಯ ಸೊಕ್ಕು, ಅವಳ ಹಸಿರು ಸೀರೆಯ ಆಸೆ ಎಲ್ಲವನ್ನೂ ಬರೆಯಿರಿ. ಬರೆಯಲು ತೊಡಗಿರುವ ಹುಡುಗಿಯರಿಗೆ: ನಿಮ್ಮ ಅಜ್ಜಿ ನಕ್ಕಿದ್ದರೆ ನಕ್ಕಳು ಅಂತಲೇ ಬರೆಯಿರಿ. ನನ್ನಂಥವರು ಸಿಟ್ಟು ಎಲ್ಲಿ ಅಂತ ಕೇಳಿದರೆ ಹಾಳೆ ಮಡಚಬೇಡಿ, ನೀವು ಎಲ್ಲಿ ಕೂತು ಓದುತ್ತಿದ್ದೀರಿ ಅಂತ ತಿರುಗಿ ಕೇಳಿ.

ಅವ್ವನ ಕೌದಿ ಇನ್ನೂ ನನ್ನ ಹತ್ತಿರ ಇದೆ. ಅದರ ನಡುವೆ ಹಸಿರು ಸೀರೆಯ ತುಂಡುಗಳಿವೆ. ಮೊನ್ನೆ ಬಿಡಿಸಿ ನೋಡಿದೆ, ಅಂಚಿನ ಪಟ್ಟಿಯನ್ನು ಅವ್ವ ಒಳಗೆ ಮಡಚಿ ಹೊಲಿದಿಲ್ಲ, ಮೇಲಕ್ಕೇ ಕಾಣುವ ಹಾಗೆ ಹೊಲಿದಿದ್ದಾಳೆ. ಯಾಕೆ ಅಂತ ಕೇಳಲು ಅವಳಿಲ್ಲ. ಸೂಲಗಿತ್ತಿ ಅಜ್ಜಿಯ ಕಥೆ ಬರೆದ ಆ ಹುಡುಗಿ ಈ ಸಂಚಿಕೆ ಓದಿದರೆ, ಕಥೆಯನ್ನು ದಯವಿಟ್ಟು ಇದೇ ಪತ್ರಿಕೆಗೆ ಕಳಿಸಲಿ. ತಪ್ಪು ನನ್ನದು.